ವಾಡಿಕೆ ಉಸಿರು

ಗುಡ್ಡದೊಡಲು,
ಧೂಳುಮಾಸ, ಮೂವತ್ತೇಳನೆಯ ತಾರೀಕು,
ಇಸವಿ ಎರಡು ಸಾವಿರದ ಮುನ್ನೂರ ತೊಂಬತ್ತೊಂದು.

ನಮಗಿಂತ ಮೊದಲು ಉಸಿರಾಡಿ ಹೋದವರಿಗೆ ಫಕೀರವ್ವನ ಶರಣಾರ್ಥಿಗಳು.

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಧೂಳುಮಾಸವೆಂದರೆ ಧೂಳು ಇಳಿಯುವವರೆಗೂ ಮುಗಿಯದ ತಿಂಗಳು. ಒಂದು ವರ್ಷ ಅದು ಐವತ್ತು ದಾಟಿಯೂ ಹಾಗೇ ನಿಂತಿತ್ತು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನನಗೆ ಕಲಿಸಿದ ಮಾಸ್ತರರು ಉಸಿರು ಉಳಿಸುವ ಸಲುವಾಗಿ ಪ್ರತಿ ವಾಕ್ಯದ ಕೊನೆಯನ್ನು ನುಂಗಿಬಿಡುತ್ತಿದ್ದರು. ನುಂಗಿದ್ದನ್ನೆಲ್ಲ ನಾನೇ ಊಹಿಸಿ ಬರೆಯುತ್ತಿದ್ದೇನೆ. ಈ ಪತ್ರ ನಿಮಗೆ ತಲುಪುವುದು ಹಿಂಟಪಾಲಿನಿಂದ. ಹಿಂಟಪಾಲು ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಿದರೆ ಉಪಯೋಗವಿಲ್ಲ. ವರ್ಷಕ್ಕೊಮ್ಮೆ ಊರಿನಲ್ಲಿ ಚೀಟಿ ಎತ್ತುತ್ತಾರೆ, ಹೆಸರು ಬಂದವರು ಒಂದು ಪತ್ರ ಬರೆಯಬಹುದು. ಹೋದ ವರ್ಷ ಹೆಸರು ಬಂದವನು ಮಾವಿನ ಹಣ್ಣಿನ ವಾಸನೆ ಹೇಗಿತ್ತು ಎಂದು ನಿಮ್ಮನ್ನು ಕೇಳಿದನಂತೆ. ಅವನಿಗೆ ಉತ್ತರ ಬರಲಿಲ್ಲ, ಬರುವುದಕ್ಕೆ ದಾರಿಯೂ ಇಲ್ಲ. ನನಗೆ ಹಣ್ಣಿನ ಚಿಂತೆಯಿಲ್ಲ. ನಾನು ಹೆದರಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳ ಮಗಳು ಸಾವಂತ್ರಿಯ ಉಸಿರಿನ ವಿಷಯ ಇದು.

ನಮ್ಮ ಊರು ಕಪ್ಪತಗುಡ್ಡದ ಹೊಟ್ಟೆಯೊಳಗಿದೆ. ನಿಮ್ಮ ಕಾಲದಲ್ಲಿ ಜನ ಈ ಗುಡ್ಡವನ್ನು ಹತ್ತಿ, ಮೇಲೆ ನಿಂತು, ಸುಮ್ಮನೆ ಗಾಳಿ ಕುಡಿದು ಇಳಿದುಹೋಗುತ್ತಿದ್ದರಂತೆ. ಈಗ ಮೇಲೆ ನಿಲ್ಲುವವರು ಯಾರೂ ಇಲ್ಲ. ಹೊರಗಿನ ಗಾಳಿಯನ್ನು ಜರಡಿಯಂತ್ರಗಳು ಸೋಸಿ ಒಳಗೆ ಬಿಡುತ್ತವೆ. ಹೀಗೆ ಸೋಸಿ ಬಂದದ್ದಕ್ಕೆ ಪಾಲುಗಾಳಿ ಎನ್ನುತ್ತೇವೆ, ಏಕೆಂದರೆ ಅದನ್ನು ಊರಿಗೆಲ್ಲ ಪಾಲು ಮಾಡುತ್ತಾರೆ. ಪ್ರತಿ ಮನೆಯ ಬಾಗಿಲ ಮೇಲೆ ಒಂದು ಮುಳ್ಳು ಇದೆ, ಒಳಗಿನವರು ಎಷ್ಟು ಎಳೆದರು ಎಂಬುದನ್ನು ಅದು ತೋರಿಸುತ್ತದೆ. ಅಕ್ಕಪಕ್ಕದವರು ಹಾದು ಹೋಗುವಾಗ ನಿಮ್ಮ ಮುಖ ನೋಡುವುದಿಲ್ಲ, ಮೊದಲು ಆ ಮುಳ್ಳು ನೋಡುತ್ತಾರೆ. ಒಳಗೆ ಬೆಂಕಿ ಹಚ್ಚುವಂತಿಲ್ಲ. ರೊಟ್ಟಿ ಬೇಯುವುದು ಬಿಸಿಲುಹಂಚಿನ ಮೇಲೆ, ಅರ್ಧ ಹಸಿ, ಅರ್ಧ ಒಣಕಲು. ಮದುವೆಯಲ್ಲಿ ಡೊಳ್ಳು ಬಾರಿಸುತ್ತೇವೆ, ಊದುವ ವಾದ್ಯ ಯಾವುದೂ ಇಲ್ಲ. ಅತ್ತೆ ಸೊಸೆಯರ ಜಗಳ ಕೂಡ ಕೈಸನ್ನೆಯಲ್ಲಿ ನಡೆಯುತ್ತದೆ. ಅದನ್ನು ನೋಡಲು ಚೆಂದ, ಆದರೆ ಸೋತವರು ಯಾರೆಂದು ಗೊತ್ತಾಗುವುದಿಲ್ಲ. ನೀವು ರಬ್ಬರಿನ ಚೀಲಕ್ಕೆ ಬಾಯಿಂದ ಗಾಳಿ ತುಂಬಿ ಮಕ್ಕಳ ಕೈಗೆ ಕೊಡುತ್ತಿದ್ದಿರಂತೆ, ಮಕ್ಕಳು ಅದನ್ನು ಸೂಜಿಯಿಂದ ಚುಚ್ಚಿ ಒಡೆದು ನಗುತ್ತಿದ್ದವಂತೆ. ಇದನ್ನು ಹೇಳಿದಾಗ ನಮ್ಮ ಮಕ್ಕಳು ನಂಬಲಿಲ್ಲ. ಒಬ್ಬಳು ಮಾತ್ರ ನಂಬಿ, ಇನ್ನೊಮ್ಮೆ ಹೇಳು ಎಂದು ಕಾಡಿದಳು. ಅವಳೇ ಸಾವಂತ್ರಿ.

ನಾನು ಊದುಮನೆಯಲ್ಲಿ ಕೆಲಸ ಮಾಡುವವಳು. ಎಲ್ಲರ ಉಸಿರನ್ನು ಅಳೆಯುವ ಜಾಗಕ್ಕೆ ನಾವು ಊದುಮನೆ ಎನ್ನುತ್ತೇವೆ. ನಿಮ್ಮಲ್ಲಿಯೂ ಇಂಥದ್ದು ಇತ್ತಂತೆ, ದಮ್ಮಿನ ತೊಂದರೆ ಇದ್ದವರನ್ನು ಮಾತ್ರ ಅಲ್ಲಿ ಕೂರಿಸುತ್ತಿದ್ದರಂತೆ. ನಮ್ಮಲ್ಲಿ ಹತ್ತು ವರ್ಷ ತುಂಬಿದ ಪ್ರತಿ ಮಗುವೂ ಬಂದು ಕೂರಬೇಕು. ಮೂಗಿಗೆ ಚಿಮಟ ಹಾಕಿ, ಬಾಯಿಗೊಳವೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿಸಿ, ಎದೆ ತುಂಬ ಎಳೆದುಕೊ, ಈಗ ಬಿಡು, ಪೂರ್ತಿ ಖಾಲಿಯಾಗುವವರೆಗೆ ಬಿಡು ಎನ್ನುತ್ತೇವೆ. ಮಗು ಊದುತ್ತಿದ್ದಂತೆ ಯಂತ್ರ ಒಂದು ಗೆರೆ ಎಳೆಯುತ್ತದೆ, ಹೇಗೆ ಏರಿತು, ಎಷ್ಟು ಹೊತ್ತು ಇಳಿಯಿತು, ಎಲ್ಲಿ ಮುಗಿಯಿತು ಎಂದು. ಹೀಗೆ ಊದಿದ ಮೂರು ಗೆರೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಮಗು ಸರಿಯಾಗಿ ಊದಿಲ್ಲ, ಇಲ್ಲವೇ ಏನೋ ಮುಚ್ಚಿಡುತ್ತಿದೆ ಎಂದು ಅರ್ಥ. ಯಂತ್ರದ ಮುಂದೆ ಕುಳಿತ ಮಗುವಿನ ಪಕ್ಕ ನಿಂತು ಕೂಗಿ ಕೂಗಿ ಊದಿಸುವುದು ನನ್ನ ಕೆಲಸ. ಇಡೀ ಊರಿನಲ್ಲಿ ಗಂಟಲು ತೆರೆದು ಕೂಗಲು ಅಪ್ಪಣೆ ಇರುವುದು ನನಗೊಬ್ಬಳಿಗೆ. ಮಕ್ಕಳು ನನ್ನ ದನಿ ಕೇಳಿದರೆ ಕರುಳಿನ ತಳದಿಂದ ಗಾಳಿ ತೆಗೆದು ಕೊಡುತ್ತವೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಬಂದ ಅಳತೆಯನ್ನು ವಾಡಿಕೆಯೊಂದಿಗೆ ಹೋಲಿಸುತ್ತಾರೆ. ನೀವು ವಾಡಿಕೆ ಮಳೆ ಎನ್ನುತ್ತಿದ್ದಿರಲ್ಲ, ಹಾಗೇ ನಮಗೆ ವಾಡಿಕೆ ಉಸಿರು. ಇಷ್ಟು ವಯಸ್ಸು, ಇಷ್ಟು ಎತ್ತರದ ಮಗುವಿಗೆ ಇಷ್ಟು ಉಸಿರು ಎಂಬ ಲೆಕ್ಕ. ಅದಕ್ಕಿಂತ ಕಡಿಮೆ ಬಂದರೆ ಯಾರೂ ಏನೂ ಅನ್ನುವುದಿಲ್ಲ, ಬೆನ್ನು ತಟ್ಟಿ ಕಳಿಸುತ್ತಾರೆ. ಬಹಳ ಹೆಚ್ಚು ಬಂದರೆ ಅದು ರೋಗ. ಆ ರೋಗಕ್ಕೆ ಹಿಗ್ಗು ಎಂದು ಹೆಸರು. ಹಿಗ್ಗು ಬಂದವರ ಎದೆ ಬೆಳೆಯುತ್ತ ಹೋಗಿ, ಊರಿನ ಪಾಲನ್ನೆಲ್ಲ ಎಳೆದು, ಕೊನೆಗೆ ತಾವೂ ಒಡೆದು ಸಾಯುತ್ತಾರೆ ಎಂದು ನಮಗೆ ಕಲಿಸಿದ್ದಾರೆ. ಒಡೆದು ಸತ್ತವರನ್ನು ನಾನಂತೂ ಕಂಡಿಲ್ಲ. ಹಿಗ್ಗಿಗೆ ಮದ್ದು ಎದೆಕಟ್ಟು, ನಾರು ಹಾಕಿ ನೇಯ್ದ ದಪ್ಪ ಪಟ್ಟಿ. ಮಗು ಉಸಿರು ಬಿಟ್ಟ ಗಳಿಗೆಯಲ್ಲಿ ಪಕ್ಕೆಲುಬಿನ ಸುತ್ತ ಬಿಗಿದು ಹೊಲಿದುಬಿಡುತ್ತಾರೆ. ಬೆಳವಣಿಗೆ ನಿಲ್ಲುವವರೆಗೂ ಬಿಚ್ಚುವುದಿಲ್ಲ. ನಮ್ಮ ಓಣಿಯ ಹೊನ್ನವ್ವನಿಗೆ ಕಟ್ಟು ಬಿತ್ತು. ಮೊದಲು ಅವಳು ಓಡುವುದು ಬಿಟ್ಟಳು, ಆಮೇಲೆ ಮೆಟ್ಟಿಲು ಹತ್ತುವುದು ಬಿಟ್ಟಳು. ಈಗ ಗೋಡೆಗೆ ಒರಗಿ ಕುಳಿತಿರುತ್ತಾಳೆ, ಮಾತನಾಡಿಸಿದರೆ ಎರಡೆರಡು ಅಕ್ಷರವಾಗಿ ಉತ್ತರ ಕೊಡುತ್ತಾಳೆ. ಅವಳ ತಾಯಿ ಪ್ರತಿ ವರ್ಷ ಊದುಮನೆಗೆ ಬಂದು ಅಳತೆ ಕೇಳಿ, ಮಗಳು ಗುಣವಾಗುತ್ತಿದ್ದಾಳೆ ಎಂದು ಕೈಮುಗಿದು ಹೋಗುತ್ತಾಳೆ.

ಈ ವಾಡಿಕೆ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬೇಕು. ನಮ್ಮವರು ಕೇಳುವುದಿಲ್ಲ. ತಲೆಮಾರಿಗೊಮ್ಮೆ ಊರಿನ ಎಲ್ಲರ ಉಸಿರನ್ನೂ ಅಳೆದು, ಕೂಡಿಸಿ, ಸರಾಸರಿ ತೆಗೆದು, ಇದೇ ಇನ್ನು ಮುಂದೆ ವಾಡಿಕೆ ಎಂದು ಸಾರುತ್ತಾರೆ. ಆ ಎಲ್ಲರಲ್ಲಿ ಧೂಳು ಕುಡಿದು ಕೆಮ್ಮುವವರೂ ಸೇರಿದ್ದಾರೆ, ಕಟ್ಟು ಹಾಕಿಸಿಕೊಂಡ ಮಕ್ಕಳೂ ಸೇರಿದ್ದಾರೆ. ಕಟ್ಟಿ ಕಟ್ಟಿ ಕುಗ್ಗಿಸಿದ ಉಸಿರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವಾಡಿಕೆ ಕೆಳಗಿಳಿಯುತ್ತದೆ. ವಾಡಿಕೆ ಇಳಿದರೆ ನಿನ್ನೆ ಆರೋಗ್ಯವಾಗಿದ್ದ ಮಗುವಿಗೆ ಇವತ್ತು ಹಿಗ್ಗು. ಅದನ್ನೂ ಕಟ್ಟುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೇಲೆ ವಾಡಿಕೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಸಾವಂತ್ರಿಯ ವಯಸ್ಸಿನಲ್ಲಿ ನಾನು ಊದಿದಾಗ ಏನು ಬಂದಿತ್ತೋ, ಮನೆಯಲ್ಲಿ ಆಟಕ್ಕೆಂದು ಊದಿಸಿದಾಗ ಅವಳಿಗೂ ಅಷ್ಟೇ ಬಂತು. ನನಗೆ ಅಂದು ವಾಡಿಕೆ ಎಂದು ಹೇಳಿ ಒಂದು ಮುಷ್ಟಿ ಸಕ್ಕರೆ ಕೊಟ್ಟು ಕಳಿಸಿದ್ದರು. ಅದೇ ಉಸಿರಿಗೆ ಇಂದು ಇವಳಿಗೆ ಪಟ್ಟಿ ಕಾಯುತ್ತಿತ್ತು. ಇದನ್ನು ಊರಿನ ಹಿರಿಯರ ಮುಂದೆ ಹೇಳಿ ನೋಡಿದೆ. ವಯಸ್ಸಾದವರಿಗೆ ಚಿಕ್ಕಂದಿನದ್ದೆಲ್ಲ ದೊಡ್ಡದಾಗಿಯೇ ನೆನಪಿರುತ್ತದೆ ಎಂದು ನಕ್ಕುಬಿಟ್ಟರು.

ಸಾವಂತ್ರಿಗೆ ಧೂಳುಮಾಸದ ಮೊದಲ ವಾರಕ್ಕೆ ಹತ್ತು ತುಂಬುವುದಿತ್ತು. ಅವಳ ತಾಯಿ, ನನ್ನ ಮಗಳು ಶಂಕ್ರವ್ವ, ಒಂದು ದಿನ ನನ್ನ ಕೈ ಹಿಡಿದುಕೊಂಡು, "ಯವ್ವಾ, ಊರ ಮಕ್ಕಳನ್ನ ಊದಸ್ತಿ. ನನ್ನ ಮಗಳಿಗೆ ಊದಬ್ಯಾಡ ಅಂತ ಕಲಸಾಕ ಆಗಂಗಿಲ್ಲೇನು?" ಎಂದು ಕೇಳಿದಳು. ಅಷ್ಟು ಉದ್ದದ ಮಾತನ್ನು ಒಂದೇ ಉಸಿರಿಗೆ ಅವಳು ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಾಗಿಲ ಮೇಲಿನ ಮುಳ್ಳು ಅಲುಗಿತು. ನಾನು ಹೂಂ ಎಂದೆ.

ಕಡಿಮೆ ಊದುವುದು ಸುಲಭ. ಕಡಿಮೆಯನ್ನೇ ಮೂರು ಸಲ ಒಂದೇ ಸಮ ಊದುವುದು ಬಲು ಕಷ್ಟ. ಮಗು ಗಂಟಲಲ್ಲಿ ತಡೆದರೆ ಗೆರೆ ನಡುಗುತ್ತದೆ, ಅರ್ಧಕ್ಕೆ ನಿಲ್ಲಿಸಿದರೆ ಗೆರೆಯ ಬಾಲ ಕತ್ತರಿಸಿದಂತಾಗುತ್ತದೆ, ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಮೂರು ಹೊಂದದಿದ್ದರೆ ಮಗುವನ್ನು ಗಾಜಿನ ಗೂಡಿಗೆ ಕಳಿಸುತ್ತಾರೆ. ಅದು ಒಬ್ಬರೇ ಕೂರುವಷ್ಟು ದೊಡ್ಡ ಗಾಜಿನ ಪೆಟ್ಟಿಗೆ. ಬಾಗಿಲು ಮುಚ್ಚಿ, ಎರಡೂ ಕೆನ್ನೆಗಳನ್ನು ಅಂಗೈಯಿಂದ ಒತ್ತಿ ಹಿಡಿದು ಕೊಳವೆಯಲ್ಲಿ ಉಸಿರಾಡು ಎನ್ನುತ್ತಾರೆ. ನಡುವೆ ಹೇಳದೆ ಕೇಳದೆ ಕೊಳವೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಕೊಳವೆಗೆ ಎದೆ ಬಡಿದಾಡುವಾಗ ಪೆಟ್ಟಿಗೆಯ ಒಳಗಿನ ಒತ್ತಡ ಅಲುಗಿ, ಎದೆಯೊಳಗೆ ಒಟ್ಟು ಎಷ್ಟು ಗಾಳಿಯಿದೆ, ಊದಿ ಹೊರಹಾಕಲಾಗದ ಉಳಿಕೆ ಎಷ್ಟು, ಎಲ್ಲವೂ ಬಯಲಾಗುತ್ತದೆ. ಆ ಗೂಡಿನ ಮುಂದೆ ಯಾವ ಮಗುವಿನ ಆಟವೂ ನಡೆಯುವುದಿಲ್ಲ. ಹೊನ್ನವ್ವ ಸಿಕ್ಕಿಬಿದ್ದದ್ದು ಅಲ್ಲಿಯೇ. ಗಾಜಿಗೆ ಹಣೆ ಚಚ್ಚಿಕೊಂಡು ಅವಳು ನನ್ನನ್ನು ಕರೆಯುತ್ತಿದ್ದಳು. ದನಿ ಕೇಳುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು.

ಆದ್ದರಿಂದ ಬಿಡುವುದನ್ನು ಕಲಿಸದೆ ಎಳೆದುಕೊಳ್ಳುವುದನ್ನು ಕಲಿಸಿದೆ. ಎದೆಗೆ ಕಡಿಮೆ ತುಂಬಿಕೊಂಡರೆ ಆಮೇಲೆ ಮನಸಾರೆ ಊದಿದರೂ ಬರುವುದು ಕಡಿಮೆಯೇ, ಗೆರೆಯೂ ಪ್ರಾಮಾಣಿಕವಾಗಿ ಕಾಣುತ್ತದೆ. ಸಾವಂತ್ರಿಯ ಅಂಗಿಯೊಳಗೆ ಎದೆಯ ಸುತ್ತ ಒಂದು ದಾರ ಸುತ್ತಿ ಸಡಿಲವಾಗಿ ಗಂಟು ಹಾಕಿದೆ. ಉಸಿರು ಎಳೆದುಕೊಳ್ಳುವಾಗ ದಾರ ಮೈಗೆ ತಾಗಿದ ಕೂಡಲೇ ನಿಲ್ಲಿಸಬೇಕು, ಅಷ್ಟೇ ಪಾಠ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ನಕ್ಕಾಗ ದಾರ ಹರಿಯುತ್ತಿತ್ತು, ನಾನು ಹೊಸದನ್ನು ಕಟ್ಟುತ್ತಿದ್ದೆ. "ಆಯೀ, ನನ್ನ ಹೊಟ್ಟ್ಯಾಗ ಇನ್ನಾ ಜಾಗಾ ಐತಿ" ಎನ್ನುತ್ತಿದ್ದಳು. ಜಾಗ ಇದ್ದರೂ ಬೇಡ ಎನ್ನುತ್ತಿದ್ದೆ. ಊಟಕ್ಕೆ ಕೂತಾಗ, ಓಣಿಯಲ್ಲಿ ನಡೆಯುವಾಗ, ಪಾಠ ಓದುವಾಗ ಒಂದು ಬೆರಳು ಎತ್ತಿ ತೋರಿಸುತ್ತಿದ್ದೆ, ತಕ್ಷಣ ನಿಲ್ಲಿಸುತ್ತಿದ್ದಳು. ಸ್ವಲ್ಪ ದಿನಕ್ಕೆ ದಾರ ಹರಿಯುವುದು ನಿಂತಿತು. ಇನ್ನೂ ಸ್ವಲ್ಪ ದಿನಕ್ಕೆ ದಾರವನ್ನೇ ತೆಗೆದೆ, ಆದರೂ ಅವಳು ಸರಿಯಾಗಿ ಅಲ್ಲಿಗೇ ನಿಲ್ಲುತ್ತಿದ್ದಳು. ಶಂಕ್ರವ್ವ ಅದನ್ನು ನೋಡಿ ಅತ್ತುಬಿಟ್ಟಳು. ನನಗೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಅಳತೆಯ ದಿನ ಬಂತು. ಊದುಮನೆಯಲ್ಲಿ ನನ್ನ ಹಿಂದೆ ಪಾಲುಗಾರ ರಾಚಪ್ಪ ನಿಂತಿದ್ದ. ಗಾಳಿಯ ಪಾಲು ನಿರ್ಧರಿಸುವ ಅಧಿಕಾರಿ ಅವನು. ಅವನನ್ನು ದುಷ್ಟ ಎಂದುಕೊಳ್ಳಬೇಡಿ. ತನ್ನ ಸ್ವಂತ ಮಗಳಿಗೆ ಕಟ್ಟು ಬಂದಾಗ ಬೇರೆಯವರ ಕೈಗೆ ಕೊಡಲಾರದೆ ತಾನೇ ಬಿಗಿದು ಹೊಲಿದವನು, ಅವಳು ಒಡೆದುಹೋಗಬಾರದೆಂದು. ಅಂಥವನಿಗೆ ನಾನು ಹೆದರುವಷ್ಟು ಕೆಟ್ಟವನಿಗೆ ಹೆದರುತ್ತಿರಲಿಲ್ಲ. ಅವನು ಸಾವಂತ್ರಿಯ ತಲೆ ಸವರಿ, "ಹೆದರಬ್ಯಾಡ ತಂಗಿ, ನಿಮ್ಮ ಆಯಿ ಹೇಳಿದಂಗ ಊದು" ಎಂದ.

ಆಗ ನನಗೆ ಹೊಳೆಯಿತು, ನಾನು ಎಂಥ ದಡ್ಡಿ ಎಂದು. ದಾರ, ಬೆರಳು, ಎಲ್ಲವನ್ನೂ ಕಲಿಸಿದ್ದೆ. ಆದರೆ ಊದುಮನೆಯಲ್ಲಿ ನಾನು ಕೂಗಲೇಬೇಕು. ಕೂಗದೆ ನಿಂತರೆ ರಾಚಪ್ಪನಿಗೆ ಸಂಶಯ ಬರುತ್ತದೆ. ಕೂಗಿದರೆ, ಊರ ಮಕ್ಕಳ ಎದೆಯನ್ನೆಲ್ಲ ಖಾಲಿ ಮಾಡಿಸಿದ ಆ ದನಿಯನ್ನು ಈ ಮಗು ಹೇಗೆ ತಡೆದುಕೊಂಡೀತು? ಮನೆಯಲ್ಲಿ ಕಲಿಸುವಾಗ ನಾನು ಒಮ್ಮೆಯೂ ಕೂಗಿರಲಿಲ್ಲ, ಬಾಗಿಲ ಮುಳ್ಳಿಗೆ ಹೆದರಿ. ಆದರೂ ಕೂಗಿದೆ. "ಎಳಕೋ, ಎಳಕೋ, ಎದಿ ತುಂಬ ಎಳಕೋ! ಬಿಡು! ಊದು, ಊದು, ಊದು, ನಿಲ್ಲಸಬ್ಯಾಡ, ಇನ್ನಾ ಐತಿ, ಇನ್ನಾ ಐತಿ!"

ಮೊದಲ ಗೆರೆ ನಾವು ಅಂದುಕೊಂಡಲ್ಲಿಗೇ ಬಂದು ನಿಂತಿತು. ಎರಡನೆಯ ಸಲ ನನ್ನ ಕೂಗಿಗೆ ಅವಳ ಭುಜ ಮೇಲೆದ್ದಿತು, ಎದೆ ಅರಳಿತು. ಅವಳು ನನ್ನ ಮಾತು ಕೇಳಿದಳು, ಅಷ್ಟೇ, ಚಿಕ್ಕ ಮಗು ತನ್ನ ಆಯಿಯ ಮಾತು ಕೇಳಿತು. ಯಂತ್ರದ ಮುಳ್ಳು ಒಮ್ಮೆಗೇ ಮೇಲಕ್ಕೆ ಹಾರಿತು. ಗಾಜಿನ ಗೂಡಿನ ಬಾಗಿಲು ತೆರೆದೇ ಇತ್ತು. ಅಷ್ಟರಲ್ಲಿ ಸಾವಂತ್ರಿ ನನ್ನ ಮುಖ ನೋಡಿದಳು. ಏನು ಕಂಡಿತೋ ಅವಳಿಗೆ, ಗೆರೆ ಮುಗಿಯುವ ಮೊದಲೇ ಕೆಮ್ಮಿದಳು. ಒಣ ಕೆಮ್ಮು, ಬೇಕೆಂದೇ ಕೆಮ್ಮಿದ್ದು. ನಾನು ಅದನ್ನು ಕಲಿಸಿರಲಿಲ್ಲ. ಕೆಮ್ಮಿದ ಊದು ಲೆಕ್ಕಕ್ಕಿಲ್ಲ ಎಂಬುದು ನಿಯಮ. ರಾಚಪ್ಪ ಬಗ್ಗಿ ಗೆರೆ ನೋಡಿ, "ಇದು ಹೊಂದವಲ್ದು ಅವ್ವಾರ. ಕೂಸಿಗೆ ಧೂಳ ಹತ್ತೇತಿ. ನೀರ ಕುಡಿಸಿ ಇನ್ನೊಮ್ಮೆ ಊದಸ್ರಿ" ಎಂದ. ಆಮೇಲೆ ಊದಿದ ಎರಡೂ ಮೊದಲನೆಯದರ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕುಳಿತವು. ನಾನು ಕೂಗುತ್ತಲೇ ಇದ್ದೆ, ಅವಳು ಕೇಳಿಸಿಕೊಳ್ಳಲೇ ಇಲ್ಲ. ವಾಡಿಕೆ ಎಂದು ಬರೆದುಕೊಂಡು ರಾಚಪ್ಪ ಅವಳ ಕೈಗೆ ಸಕ್ಕರೆ ಹಾಕಿದ. ಅವನ ಮುಖದಲ್ಲಿಯೂ ಸಮಾಧಾನ ಕಂಡಿತು.

ಇಲ್ಲಿಗೆ ಮುಗಿದಿದ್ದರೆ ನಾನು ನಿಮಗೆ ಮಾವಿನ ಹಣ್ಣಿನ ಬಗ್ಗೆಯೇ ಬರೆಯುತ್ತಿದ್ದೆ.

ಅಳತೆ ಮುಗಿದ ವಾರದಲ್ಲಿ, ಹಿಂದೆ ಆಟಕ್ಕೆಂದು ಊದಿಸಿದ್ದ ಊದುಮನೆಯ ಕೈಗೊಳವೆಯನ್ನು ಮತ್ತೆ ಸೀರೆಯಲ್ಲಿ ಸುತ್ತಿ ಮನೆಗೆ ತಂದೆ. ಅಂಗೈಯಷ್ಟು ಉದ್ದದ ಸಾಧನ ಅದು, ಊದಿದರೆ ಒಳಗಿನ ಬಿಲ್ಲೆ ಸರಿದು ಅಳತೆ ತೋರಿಸುತ್ತದೆ. ಜರಡಿಯಂತ್ರ ಜೋರಾಗಿ ಓಡುವ ಮಧ್ಯಾಹ್ನ ನೋಡಿ, ಬಾಗಿಲು ಹಾಕಿ, ಸಾವಂತ್ರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಟ ಮುಗಿಯಿತು, ಈಗ ಯಾರೂ ಇಲ್ಲ, ನಿನಗೆಷ್ಟು ಬೇಕೋ ಅಷ್ಟು ಎಳೆದುಕೊಂಡು ಊದು ಎಂದೆ. ನಾನು ನಗುತ್ತಿದ್ದೆ. ಅವಳು ಊದಿದಳು. ಬಿಲ್ಲೆ ವಾಡಿಕೆಗೆ ಬಂದು ನಿಂತಿತು. ಹಾಗಲ್ಲ, ಪೂರ್ತಿ ಊದು ಎಂದೆ. ಮತ್ತೆ ಅಲ್ಲಿಗೇ ಬಂತು. ಬೆನ್ನು ಸವರಿ, ಭುಜ ಎತ್ತಿಸಿ, ಕೊನೆಗೆ ಮುಳ್ಳಿಗೂ ಹೆದರದೆ ಕೂಗಿ ಊದಿಸಿದೆ. ಬಿಲ್ಲೆ ಅದೇ ಗುರುತಿನಲ್ಲಿ ನಿಂತಿತು. ಸಾವಂತ್ರಿ ನನ್ನ ಮುಖ ನೋಡಿ, "ಎಲ್ಲಾ ಒಂದ ಸಮ ಬಂದಾವಲ್ಲ ಆಯೀ? ಚೊಲೋ ಊದಿದೆ ಹೌದಿಲ್ಲೋ?" ಎಂದಳು. ಹೊಟ್ಟೆಯಲ್ಲಿ ಇನ್ನೂ ಜಾಗ ಇದೆಯಾ ಎಂದು ಕೇಳಿದೆ. ಅವಳಿಗೆ ನಾನು ಏನು ಕೇಳುತ್ತಿದ್ದೇನೆಂದೇ ತಿಳಿಯಲಿಲ್ಲ.

ಅಂದಿನಿಂದ ದಿನವೂ ಊದಿಸುತ್ತಿದ್ದೇನೆ. ಅವಳು ಬೇಸರಿಸದೆ ಊದುತ್ತಾಳೆ, ವಾಡಿಕೆಯೇ ಬರುತ್ತದೆ. ಓಣಿಯ ಕೊನೆವರೆಗೆ ಓಡಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಶಂಕ್ರವ್ವ ಇದನ್ನು ನೋಡಿಯೂ ನೋಡದವಳಂತೆ ಇದ್ದಾಳೆ, ಪಟ್ಟಿ ತಪ್ಪಿತಲ್ಲ ಎಂದಷ್ಟೇ ಅವಳಿಗೆ. ನನಗೆ ಹೆದರಿಕೆಯಾಗುವುದು ಇನ್ನೊಂದು ಮಾತಿಗೆ. ಈ ಓಣಿಯಲ್ಲಿ ನನ್ನಂಥ ಆಯಿಯಂದಿರು ಇನ್ನೆಷ್ಟು ಜನರಿದ್ದಾರೋ, ಎಷ್ಟು ಮನೆಗಳಲ್ಲಿ ಮಕ್ಕಳ ಅಂಗಿಯೊಳಗೆ ದಾರವಿದೆಯೋ ಯಾರಿಗೆ ಗೊತ್ತು? ಆ ಉಸಿರುಗಳನ್ನೆಲ್ಲ ಕೂಡಿಸಿ ಮುಂದಿನ ತಲೆಮಾರಿಗೆ ವಾಡಿಕೆ ತೆಗೆಯುತ್ತಾರೆ. ಅದು ಇನ್ನೂ ಇಳಿಯುತ್ತದೆ. ಆಗ ಸಾವಂತ್ರಿಯ ಮಗಳಿಗೆ, ತಾಯಿಯ ಈ ಕುಗ್ಗಿದ ಉಸಿರೇ ಬಂದರೂ, ಹಿಗ್ಗು ಎನ್ನುತ್ತಾರೆ.

ನನ್ನ ಕೋರಿಕೆ ಇಷ್ಟು. ನಿಮ್ಮಲ್ಲಿ ಗಟ್ಟಿಯಾದ ಮಕ್ಕಳು ಇನ್ನೂ ಇವೆ ಎಂದು ನಂಬಿದ್ದೇನೆ. ಬಿದ್ದು, ಎದ್ದು, ಈಜಿ, ಕೂಗಾಡಿ, ಮರ ಹತ್ತಿ ಬೆಳೆದ ಮಕ್ಕಳು. ಅವರಲ್ಲಿ ಹತ್ತು ವರ್ಷದ ಒಂದು ಹುಡುಗಿಯನ್ನು ಕರೆದು ಕೂರಿಸಿ, ಮೂಗಿಗೆ ಚಿಮಟ ಹಾಕಿ, ಯಾವ ಹೆದರಿಕೆಯೂ ಇಲ್ಲದೆ ಮನಸಾರೆ ಊದಿಸಿ. ಎಷ್ಟು ಬಂತೋ ಅಷ್ಟನ್ನು ಬರೆದಿಡಿ. ಕಾಗದದ ಮೇಲೆ ಬೇಡ, ಕಾಗದವನ್ನು ನಾವು ತಲೆಮಾರಿಗೊಮ್ಮೆ ತಿದ್ದಿಬಿಡುತ್ತೇವೆ. ಈ ನಾಡಿನಲ್ಲಿ ಹಿಂದಿನವರು ದಾನ ಕೊಟ್ಟ ಹೊಲದ ಎಲ್ಲೆಯನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುತ್ತಿದ್ದರಂತೆ, ಯಾರೂ ಒತ್ತಿಕೊಳ್ಳಬಾರದೆಂದು. ಹಾಗೆಯೇ ಕೊರೆಸಿ, ಈ ಗುಡ್ಡದ ಬುಡದಲ್ಲಿ, ಅಗೆಯುವವರ ಕೈಗೆ ಸಿಗುವಂತೆ ನಿಲ್ಲಿಸಿ. ಹುಡುಗಿಯ ಎತ್ತರ ಬರೆಸಿ, ವಯಸ್ಸು ಬರೆಸಿ, ಉಸಿರು ಬರೆಸಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಸೇರಿಸುವುದನ್ನು ಮರೆಯಬೇಡಿ: ಇದು ರೋಗವಲ್ಲ, ಮಗು ಇರಬೇಕಾದದ್ದೇ ಹೀಗೆ.

ಫಕೀರವ್ವ,
ಊದಿಸುವವಳು